ಮೂರು ಕ್ಯಾಮೆರಾ, ಒಬ್ಬ ತಿಪ್ಪಣ್ಣ

ಎಲ್ಲವೂ ಒಂದೇ ನೋಟಕ್ಕೆ ಕಾಣಬೇಕು ಎನ್ನುವ ಚಪಲ ನನಗೆ ಮೊದಲಿನಿಂದಲೂ ಉಂಟು. ಆದರೆ ಮನೆಯಲ್ಲಿ ಕಣ್ಣೆದುರಿನ ಉಪ್ಪಿನ ಡಬ್ಬಿ ಕಾಣದೆ ಹೆಂಡತಿಯನ್ನು ಕೂಗುವವನೂ ನಾನೇ. ಅಂಥವನಿಗೆ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮ್ಯಾನೇಜರ್ ಕೆಲಸ, ಅದರಲ್ಲೂ ಇಡೀ ಅಂಗಳದ ಮೇಲೆ ಕಣ್ಣಿಡುವ ಕೆಲಸ ಕೊಟ್ಟಿದ್ದಾರೆ. ದೇವರಿಗೂ ತಮಾಷೆ ಬೇಕಲ್ಲ.

ಮೊದಲು ಮೂರು ಕ್ಯಾಮೆರಾದ ಮೂರು ಚಿತ್ರ ಬೇರೆಬೇರೆ ಬರುತ್ತಿದ್ದವು. ಕತ್ತು ನೋಯುತ್ತದೆ ಎಂದು ನಾನೇ ಸಾಹುಕಾರರ ಬೆನ್ನು ಬಿದ್ದೆ. ಬಳ್ಳಾರಿಯಿಂದ ಬಂದ ಕ್ಯಾಮೆರಾದವನು ಮೂರನ್ನೂ ಅಂಚಿಗೆ ಅಂಚು ಸೇರಿಸಿ ಒಂದೇ ಅಗಲ ಚಿತ್ರ ಮಾಡಿಕೊಟ್ಟ. ಆದರೆ ಕ್ಯಾಮೆರಾದ ಕಂಬ ಎಲ್ಲಿ ನಿಲ್ಲಬೇಕೆಂದು ಹೇಳಿದವರು ವಾಸ್ತುದವರು. ಈಶಾನ್ಯ ಮೂಲೆಗೆ ಕಬ್ಬಿಣದ ಭಾರ ಕೂಡದಂತೆ. ಕಂಬ ಪಕ್ಕಕ್ಕೆ ಸರಿಯಿತು, ಎರಡು ಚಿತ್ರ ಸೇರುವ ಹೊಲಿಗೆ ಸೀದಾ ಬೇವಿನ ಗಿಡದ ಬುಡಕ್ಕೆ ಬಿತ್ತು. ಆ ಹೊಲಿಗೆಯಲ್ಲಿ ಇದ್ದದ್ದು ಕಾಣುವುದಿಲ್ಲ ಎಂದು ಕ್ಯಾಮೆರಾದವನು ಹೇಳಿಯೇ ಹೋಗಿದ್ದ, ನಾನು ಗೋಣು ಹಾಕಿದ್ದೆ. ನಾಯಿ ಅಲ್ಲಿಗೆ ಬಂದರೆ ಮೊದಲು ತಲೆ ಮಾಯ, ಕೊನೆಗೆ ಬಾಲ ಮಾತ್ರ. ಹಮಾಲರನ್ನೆಲ್ಲ ಕರೆದು ತೋರಿಸಿ ನಕ್ಕದ್ದೇ ನಕ್ಕದ್ದು. ಅಷ್ಟಗಲದ ಪರದೆಗೆ ನನ್ನ ಕೋಣೆಯ ಗೋಡೆ ಸಾಲದೆ ಕಿಟಕಿಗೇ ಹಲಗೆ ಬಡಿಸಿದೆ. ಅಂಗಳವೇ ಒಳಗೆ ಬಂದಮೇಲೆ ಕಿಟಕಿ ಯಾಕೆ?

ನಮ್ಮ ಕಡೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ. ಆವತ್ತು ಎರಡನೆಯದು. ಹಚ್ಚೊಳ್ಳಿಯ ತಿಪ್ಪಣ್ಣ, ನಮ್ಮ ವಾಚ್‌ಮನ್, ಮಧ್ಯಾಹ್ನ ಪರದೆಯಲ್ಲಿ ಬೇವಿನ ಗಿಡದ ಕಡೆ ನಡೆದವನು ಮಾಯವಾದ. ಎಷ್ಟು ಹೊತ್ತಾದರೂ ಪತ್ತೆ ಇಲ್ಲ. ಡ್ಯೂಟಿ ಬಿಟ್ಟು ಹೋಗಿದ್ದಾನೆ, ಕಣ್ಣಾರೆ ಕಾಣುತ್ತಿದೆ ಎಂದು ಸಾಹುಕಾರರಿಗೆ ಫೋನ್ ಮಾಡಿದೆ. ನಾಳೆಯಿಂದ ಅವನು ಬರುವುದು ಬೇಡ ಎಂದರು. ಎದ್ದು ಹೊರಗೆ ಹೋಗಿ ನೋಡಬಹುದಿತ್ತು. ಏಸಿ ಬಿಟ್ಟು ಆ ಬಿಸಿಲಿಗೆ ಯಾರು ಹೋಗುತ್ತಾರೆ?

ಸಂಜೆ ಅಂಗಳ ಗುಡಿಸಲು ಹೋದ ಈರಮ್ಮ ಚೀರಿಕೊಂಡಾಗ ಎಲ್ಲರೂ ಓಡಿದೆವು. ತಿಪ್ಪಣ್ಣ ಗಿಡದ ಬುಡದಲ್ಲೇ ಬಿದ್ದಿದ್ದ. ಬಾಯಿ ಸೊಟ್ಟಗಾಗಿತ್ತು.

ಬಳ್ಳಾರಿಯ ದವಾಖಾನೆಗೆ ಮೋಸಂಬಿ ಹಿಡಿದುಕೊಂಡು ಹೋದೆ. ಕೆಲಸ ಹೋದ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಲಕ್ವಾ ಹೊಡೆದ ಮಾತು ತೊದಲುತ್ತಿತ್ತು, ಆದರೂ ತಿಳಿಯುತ್ತಿತ್ತು. ತಿಪ್ಪಣ್ಣ ಕೈ ಮುಗಿಯಲು ಹೋದ, ಒಂದೇ ಕೈ ಮೇಲೆ ಬಂತು.

"ಡ್ಯೂಟಿ ಬಿಟ್ಟು ಎಲ್ಲೂ ಹೋಗಿದ್ದಿಲ್ರಿ ಸರ. ಅಲ್ಲೇ ಬಿದ್ದಿದ್ದೆ."

ಸಾಹುಕಾರರಿಗೆ ನಾನು ಹೇಳುತ್ತೇನೆ, ನಿನ್ನ ಕೆಲಸ ಎಲ್ಲೂ ಹೋಗುವುದಿಲ್ಲ ಎಂದು ಸಮಾಧಾನ ಮಾಡಿದೆ. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಇನ್ನಷ್ಟು ಧೈರ್ಯ ತುಂಬೋಣ ಎಂದು, "ನೀ ಎಲ್ಲೂ ಹೋಗಿಲ್ಲಂತ ನನಗ ಗೊತ್ತೈತಿ ತಿಪ್ಪಣ್ಣ. ನಾ ನೋಡಿಕೋಂತನ ಕುಂತಿದ್ದೆ," ಎಂದುಬಿಟ್ಟೆ.

ಅವನು ನನ್ನ ಮುಖವನ್ನೇ ನೋಡಿದ. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ.

"ನೋಡಿಕೋಂತ ಕುಂತಿದ್ರ್ಯಾ? ಮತ್ತ ಯಾಕ ಬರಲಿಲ್ರಿ?"