ಬಿಳಿ ಚಾದರದ ಮೇಲೆ ಗಾಲ್ಫ್

ಸುಧನ್ವ ಸದ್ದಿಲ್ಲದೆ ಸೋಫಾವನ್ನು ಗೋಡೆಗೆ ಸರಿಸಿದ. ನೆಲ ಗುಡಿಸಿದ. ಟಿವಿಯ ಮುಂದೆ ಬಿಳಿ ಚಾದರ ಹಾಸಿ, ಅದರ ಸುಕ್ಕುಗಳನ್ನು ಅಂಗೈಯಿಂದ ಸವರಿದ. ಹಳೆಯ ವಿಡಿಯೋ ಗೇಮ್ ಡಬ್ಬಿಯ ವೈರು ಗಿಡ್ಡ, ಸೋಫಾದವರೆಗೆ ಬರುವುದಿಲ್ಲ. ಆಡಬೇಕಾದರೆ ನೆಲದಲ್ಲೇ ಕೂರಬೇಕು.

ಡಬ್ಬಿ ಅವನ ಹೈಸ್ಕೂಲಿನ ಕಾಲದ್ದು. ಉಳಿದಿರುವುದು ಒಂದೇ ಕ್ಯಾಸೆಟ್ಟು, ಗಾಲ್ಫ್. ಅದರ ಹದಿನೆಂಟು ಕುಳಿಗಳನ್ನು ಅವನು ಇದುವರೆಗೆ ಒಮ್ಮೆಯೂ ಮುಗಿಸಿರಲಿಲ್ಲ. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ.

ಉಡುಪಿಗೆ ಹೋಗಿದ್ದ ಹೆಂಡತಿ ಜಲಜಾ ಬೆಳಿಗ್ಗೆ ರೈಲಿನಿಂದ ಫೋನ್ ಮಾಡಿದ್ದಳು. "ಸಂಜೆಗೆ ಅಹಮದಾಬಾದ್ ಮುಟ್ತೇನೆ. ಅಷ್ಟರೊಳಗೆ ಒಂದು ಸಲ ಪೂರ್ತಿ ಆಡಿ ತೋರಿಸಿ, ಡಬ್ಬಿ ಇರ್ಲಿ. ಇಲ್ಲದಿದ್ರೆ ಗುಜರಿಗೆ. ಪಾತ್ರೆ ಇಡ್ಲಿಕ್ಕೆ ಜಾಗ ಇಲ್ಲ ನಂಗೆ."

ಅವನು ಗಲ್ಲೆಯಲ್ಲಿ ಕೂರುವ ಹೋಟೆಲಿಗೆ ಇವತ್ತು ರಜೆ. ಬಿಳಿ ಪಂಚೆ, ಬಿಳಿ ಬನಿಯನ್, ಬೋಳಿಸದ ಗಡ್ಡದಲ್ಲಿ ಸುಧನ್ವ ಆಡಲು ಕೂತ. ಸೆಕೆಗೆ ಬಾಗಿಲು ತೆರೆದಿತ್ತು.

ಪರದೆಯ ಕೆಳಗೆ ಓಡುವ ಗೆರೆಯನ್ನು ಸರಿಯಾದ ಗಳಿಗೆಯಲ್ಲಿ ನಿಲ್ಲಿಸಬೇಕು. ಒಂದು ಮಾತಾಡಿದರೆ ಬೆರಳು ತಪ್ಪುತ್ತದೆ. ಎದುರುಮನೆಯ ಮಂದಾಕಿನಿಬೆನ್ ಇಣುಕಿ, "ಕ್ಯಾ ಹುವಾ, ಭಾಯಿ?" ಎಂದಾಗ ಅವನು ಉತ್ತರ ಕೊಡಲಿಲ್ಲ. ದಯವಿಟ್ಟು ಹೋಗಿ ಎಂಬಂತೆ ಎರಡೂ ಕೈ ಮುಗಿದ. ದಿಟ್ಟಿಸಿ ದಿಟ್ಟಿಸಿ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಆಕೆಯೂ ಕೈ ಮುಗಿದು ಹಿಂದೆ ಸರಿದಳು.

ಆಮೇಲೆ ಒಬ್ಬೊಬ್ಬರಾಗಿ ಬರತೊಡಗಿದರು. ಮೇಲಿನ ಮಹಡಿಯವರು, ಲಿಫ್ಟಿನ ಪಕ್ಕದವರು, ಸೊಸೈಟಿಯ ಕಾರ್ಯದರ್ಶಿ. ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬಿತ್ತು. ಎಲ್ಲರೂ ಬಿಳಿ ಬಟ್ಟೆಯಲ್ಲಿ ಬಂದು ಕೈ ಮುಗಿದು ತುಟಿ ಬಿಚ್ಚದೆ ಕೂತರು. ಸುಧನ್ವನಿಗೆ ಎದೆ ತುಂಬಿ ಬಂತು. ಗಾಲ್ಫ್ ನೋಡುವವರು ಸದ್ದು ಮಾಡಬಾರದೆಂದು ಇವರಿಗೆ ಹೇಳಿಕೊಟ್ಟವರು ಯಾರು? ಹಿರಿಯರೊಬ್ಬರು ಅವನ ಬೆನ್ನು ಸವರಿ, "ಖೇಲೋ ಬೇಟಾ, ರೋಕೋ ಮತ್" ಎಂದು ಆಟ ನಿಲ್ಲಿಸದಂತೆ ಹೇಳಿದರು. ಚೆಂಡು ಕೆರೆ ದಾಟಿದಾಗ ಹೆಂಗಸೊಬ್ಬರು ಬಿಕ್ಕಿದರು.

ಹದಿನೆಂಟನೆಯ ಕುಳಿಗೆ ಬಂದಾಗ ಹೋಟೆಲಿನ ಅಡುಗೆಯ ತಿಮ್ಮಪ್ಪಣ್ಣ ಬಂದು ಪಕ್ಕದಲ್ಲಿ ಕೂತು ಅವನ ಭುಜ ಹಿಡಿದ.

"ಧೈರ್ಯ ತಕೊ ಮಾರಾಯ."

"ಧೈರ್ಯಕ್ಕೆ ಎಂತ ಕಮ್ಮಿ ಇಲ್ಲ ತಿಮ್ಮಪ್ಪಣ್ಣ. ಚೆಂಡು ಕುಳಿಯ ಬಾಯಲ್ಲೇ ಉಂಟು. ಇನ್ನೊಂದು ತಟ್ಟಿದ್ರೆ ಆಯ್ತು."

"ಪಾಪ, ತಲೆಗೇ ಹೋಗಿದೆ ಇವನಿಗೆ" ಎಂದು ತಿಮ್ಮಪ್ಪಣ್ಣ ಬಾಯಿಗೆ ಟವೆಲ್ ಒತ್ತಿಕೊಂಡ.

ಇಷ್ಟು ಜನ ಸೆಕೆಯಲ್ಲಿ ಕೂತಿದ್ದಾರೆ, ನೀರನ್ನಾದರೂ ಕೊಡದೆ ಗೆಲ್ಲುವುದು ಸರಿಯಲ್ಲ ಎನ್ನಿಸಿತು ಸುಧನ್ವನಿಗೆ. ಆಟವನ್ನು ನಿಲ್ಲಿಸಿಟ್ಟು ಅಡುಗೆಮನೆಗೆ ಹೋದ.

ತಟ್ಟೆಯಲ್ಲಿ ಲೋಟಗಳನ್ನಿಟ್ಟುಕೊಂಡು ಬಂದಾಗ ಪರದೆ ಕಪ್ಪಾಗಿತ್ತು. ಡಬ್ಬಿಯ ಪ್ಲಗ್ಗು ನೆಲದಲ್ಲಿ ಸತ್ತ ಜಿರಲೆಯಂತೆ ಅಂಗಾತ ಬಿದ್ದಿತ್ತು. ಅದರ ಜಾಗದಲ್ಲಿ ಮಂದಾಕಿನಿಬೆನ್ ತಂದ ಭಜನೆಯ ಪುಟ್ಟ ಯಂತ್ರ ರಾಮನಾಮ ಹಾಡುತ್ತಿತ್ತು. ಟಿವಿಯ ಮೇಲೆ, ಆಟ ಆಡುವಾಗಲಾದರೂ ತನ್ನ ಮುಖ ನೋಡಲಿ ಎಂದು ಜಲಜಾ ತಾನೇ ತೂಗುಹಾಕಿದ್ದ ಅವಳ ಫೋಟೊಕ್ಕೆ ಗಂಧದ ಹಾರ ಬಿದ್ದಿತ್ತು.

"ತಿಮ್ಮಪ್ಪಣ್ಣ... ಎಂತ ಇದು?"

"ಬೇಸ್ಣಾ ಅಲ್ವಾ ಇದು? ಇಲ್ಲಿಯವರು ಸತ್ತವರ ಮನೆಯಲ್ಲಿ ಹೀಗೇ ಅಲ್ವಾ, ಸೋಫಾ ಸರಿಸಿ ಬಿಳಿ ಚಾದರ ಹಾಕುವುದು, ಬಿಳಿ ಉಟ್ಟು ಬಂದು ಸುಮ್ಮನೆ ಕೂತು ಹೋಗುವುದು. ಜಲಜಕ್ಕ ಹೋದದ್ದು ನಂಗೆ ಒಂದು ಮಾತು ಹೇಳ್ಬಾರದಿತ್ತಾ ನೀನು?"

ಸುಧನ್ವ ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಯಾರೋ ಚಪ್ಪಲಿಗಳನ್ನು ಕಾಲಿನಿಂದ ಸರಿಸಿದರು.

ಬಾಗಿಲಲ್ಲಿ ಜಲಜಾ ನಿಂತಿದ್ದಳು. ಅವಳ ಹಿಂದೆ ತಕ್ಕಡಿ ಹಿಡಿದ ಗುಜರಿಯವನು. ಅವಳ ಕಣ್ಣು ನೇರ ಕಪ್ಪು ಪರದೆಗೆ ಹೋಯಿತು, ಮೇಲಿನ ಫೋಟೊಕ್ಕೆ ಹೋಗಲಿಲ್ಲ.

"ಮುಗೀಲಿಲ್ಲ ಅಲ್ವಾ? ನಂಗೆ ಗೊತ್ತಿತ್ತು. ಇವ ಗೇಟಲ್ಲೇ ಸಿಕ್ಕಿದ, ಕರ್ಕೊಂಡೇ ಬಂದೆ."

ಬಿಳಿ ಬಟ್ಟೆಯವರೆಲ್ಲ ಫೋಟೊ ನೋಡಿದರು, ಬಾಗಿಲು ನೋಡಿದರು. ಮಂದಾಕಿನಿಬೆನ್ ಕೂತಲ್ಲೇ ಕಾರ್ಯದರ್ಶಿಯ ಮೇಲೆ ಒರಗಿದಳು.

ಜಲಜಾ ಹಲಸಿನ ಹಪ್ಪಳ ತುಂಬಿದ ಚೀಲವನ್ನು ಮುಂದೆ ಚಾಚಿದಳು.

"ಯಾರಾದ್ರೂ ಇದನ್ನು ಸ್ವಲ್ಪ ಹಿಡ್ಕೊಳ್ಳಿ ಮಾರಾಯ್ರೆ. ಕೈ ಸೋತಿತು."