ದವಾಖಾನೆ ಮುಂದಿನ ಕಟ್ಟೆ

ಹಳ್ಳಿ ಜನಕ್ಕೆ ಸರಕಾರಿ ಔಷಧದ ಮೇಲೆ ನಂಬಿಕೆ ಇಲ್ಲ. ಚಿಕ್ಕೋಡಿಯಿಂದ ಕಾಗವಾಡದವರೆಗೆ ಆರೋಗ್ಯದ ಯಾವ ಸಭೆಗೆ ಹೋದರೂ ಚಹಾಕ್ಕಿಂತ ಮೊದಲು ಈ ಮಾತು ಬರುತ್ತಿತ್ತು. ದವಾಖಾನೆಗಳ ಸುಧಾರಣೆಗೆ ಸಲಹೆ ಕೊಡುವುದು ನನ್ನ ನೌಕರಿ. ಅದಕ್ಕೆಂದೇ ಎಂ.ಎ. ಮಾಡಿದ್ದೇನೆ. ಸುಧಾರಣೆ ಇದ್ದಲ್ಲಿ ತಮಾಷೆಯ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ರಾಯಬಾಗ ತಾಲೂಕಿನ ಒಂದೇ ಊರಿನವನ್ನಷ್ಟು ಹೇಳುತ್ತೇನೆ.

ಉದ್ಘಾಟನೆಯ ರೋಗಿ

ಹೊಸ ದವಾಖಾನೆಯ ಉದ್ಘಾಟನೆಗೆ ಒಬ್ಬ ರೋಗಿ ಬೇಕಾಗಿತ್ತು, ಫೋಟೊಕ್ಕೆ. ಅಂದು ಊರಲ್ಲಿ ಯಾರಿಗೂ ಏನೂ ಆಗಿರಲಿಲ್ಲ, ಅಥವಾ ಆದವರು ಹೇಳಲಿಲ್ಲ. ಕಬ್ಬು ಹೇರಲು ಬಂದು ಕಾಯುತ್ತಿದ್ದ ಟ್ರ್ಯಾಕ್ಟರ್ ಡ್ರೈವರನನ್ನು ಹಿಡಿದು ತಂದು ಮಂಚದ ಮೇಲೆ ಮಲಗಿಸಿದರು. ಅತಿಥಿಗಳು ಅವನ ಕೈಗೆ ಬ್ರೆಡ್ಡು, ಮೋಸಂಬಿ ಕೊಟ್ಟು, ಬೇಗ ಗುಣವಾಗಲಿ ಎಂದು ಹರಸಿ ಹೋದರು.

"ಏಳಪಾ, ಮುಗೀತು" ಎಂದರು ಸಿಸ್ಟರ್.

ಅವನು ಚಾದರ ಎಳೆದುಕೊಂಡ. "ಏಳಂಗಿಲ್ರಿ ಅಕ್ಕಾರ. ಫ್ಯಾನ್ ಐತಿ. ಗ್ಯಾಂಗಿನವ್ರು ಕಬ್ಬ ಕಡಿಯೂದು ಇನ್ನೂ ಸಂಜೀತನಕ ಐತಿ."

ಆ ತಿಂಗಳು ಅಲ್ಲಿ ದಾಖಲಾದವನು ಅವನೊಬ್ಬನೇ. ಗುಣವಾಗಿಯೇ ಹೋದ.

ಕೂರಲು ಜಾಗ

ಜನ ಬರಲಿಲ್ಲ. ಹೀಗೇ ನಡೆದರೆ ದವಾಖಾನೆಯನ್ನು ಬೇರೆ ಊರಿಗೆ ಒಯ್ಯುತ್ತೇವೆ ಎಂದು ಮೇಲಿನವರು ತಿಳಿಸಿದರು. ಸಿಸ್ಟರ್ ನನ್ನನ್ನು ತಡೆದು ನಿಲ್ಲಿಸಿದರು.

"ಒಯ್ದರ ಬಸರ ಹೆಣ್ಮಕ್ಳು ತಪಾಸಣಿಗೆ ಎಲ್ಲಿಗೆ ಹೋಗ್ಬೇಕ್ರಿ ಸರ?"

"ಈಗ ಎಲ್ಲಿಗೆ ಹೋಗ್ತಾರ?"

"ಅದ ಗೊತ್ತಾಗವಲ್ದು. ಮುಂಜಾನಿ ಬಸ್ಸಿಗೆ ಹೋಗ್ತಾರ. ಕೇಳಿದ್ರ ತವರಮನಿ ಅಂತಾರ."

ನಾನು ಸಲಹೆ ಕೊಟ್ಟೆ. ಕೂರಲು ಜಾಗವಿಲ್ಲದ ಕಡೆ ಯಾರು ಬರುತ್ತಾರೆ? ಬಾಗಿಲ ಪಕ್ಕದಲ್ಲೇ ಸಿಮೆಂಟಿನ ಕಟ್ಟೆ ಎದ್ದಿತು. ಎದುರಿನ ಬೇವಿನ ಮರದ ಬುಡದಲ್ಲಿ ಕೂರುತ್ತಿದ್ದ ಊರ ಹಿರಿಯರೆಲ್ಲ ಮರುದಿನವೇ ಇತ್ತ ಬಂದರು. ನಟ್ಟನಡುವೆ ತಲೆಗೆ ಹಳದಿ ಪಟಗಾ ಸುತ್ತಿದ ಒಬ್ಬ ಅಜ್ಜ.

"ಏನ್ ತ್ರಾಸ ಐತ್ರಿ ಅಜ್ಜಾರ?" ಎಂದೆ.

"ನಮಗೇನ್ ಧಾಡಿ? ಇಲ್ಲಿ ಗಾಳಿ ಛಲೋ ಬರ್ತೈತಿ."

ಫಿಲ್ಟರ್ ನೀರು

ಬಿಸಿಲು ಎಂದರು, ತಗಡು ಹಾಕಿಸಿದೆವು. ನೀರು ಎಂದರು, ಫಿಲ್ಟರ್ ಕೂಡಿಸಿದೆವು. ಆರೋಗ್ಯದ ತಿಳಿವಳಿಕೆಗೆಂದು ಟಿ.ವಿ. ಬಂತು, ಹಿರಿಯರು ಅದಕ್ಕೆ ಮರಾಠಿ ಧಾರಾವಾಹಿ ಹಚ್ಚಿದರು. ತಪಾಸಣೆಗೆ ಬಂದ ಸಾಹೇಬರು ಜೀಪಿನಲ್ಲೇ ಕುಳಿತು, "ಗದ್ದಲ ಚೆನ್ನಾಗಿದೆ" ಎಂದು ಮೆಚ್ಚಿ ಮುಂದೆ ಹೋದರು. ಒಳಗೆ ಸಿಸ್ಟರ್ ಖಾಲಿ ಕುರ್ಚಿ ಒರೆಸುತ್ತಿದ್ದರು.

ಒಂದು ದಿನ ಒಬ್ಬ ಸೊಸೆ ಬಂದಳು. ಕಟ್ಟೆಯ ಮಾತು ನಿಂತಿತು.

"ಯಾರ ಸೊಸಿ ಬೇ ನೀ? ಏನಾಗೈತಿ?" ಎಂದ ಪಟಗಾದ ಅಜ್ಜ.

"ಏನಿಲ್ರಿ ಮುತ್ಯಾ."

"ಏನೂ ಆಗದ ಇಲ್ಲಿಗ್ಯಾಕ ಬಂದಿ? ಎಷ್ಟ ತಿಂಗಳಾ?"

ಅವಳು ಸೆರಗು ಮುಂದಕ್ಕೆ ಎಳೆದುಕೊಂಡಳು. "ನೀರ ಕುಡ್ಯಾಕ ಬಂದಿದ್ನಿ." ಒಂದು ಲೋಟ ನೀರು ಕುಡಿದು ಬಂದ ದಾರಿಯಲ್ಲೇ ಹೊರಟುಹೋದಳು.

ನನಗೆ ಸಮಾಧಾನವಾಯಿತು. ಫಿಲ್ಟರ್ ಉಪಯೋಗಕ್ಕೆ ಬಂದಿತ್ತು.

ಪಾಳಿ

ಮುಂದಿನ ವಾರ ಕೆಮ್ಮು ಹತ್ತಿ, ರಾಯಬಾಗದಲ್ಲಿ ದವಾಖಾನೆಯ ಪಾಳಿಯಲ್ಲಿ ನಿಂತಿದ್ದೆ. ನನ್ನ ಮುಂದಿನವನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡಿದ್ದ. ತಲೆಯ ಮೇಲಿನ ಹಳದಿ ಪಟಗಾ ಮಾತ್ರ ಹಾಗೇ ಇತ್ತು.

"ಅಜ್ಜಾರ?"

"ಸಾವಕಾಶ ಮಾತಾಡ್ರಿ ಸಾಹೇಬ್ರ. ಮೂಲವ್ಯಾಧಿ. ನಿಮ್ಮ ಕಟ್ಟಿ ಮ್ಯಾಲ ಕುಂತ ಕುಂತ ಹೆಚ್ಚಾಗೈತಿ."

"ಊರಾಗ ದವಾಖಾನಿ ಐತೆಲ್ಲ. ದಿನಾ ಅದರ ಬಾಗಲದಾಗ ಇರ್ತೀರಿ."

"ಅಲ್ಲಿ ಹೆಂಗ ತೋರಸೂದ್ರಿ? ಮಂದಿ ಕುಂತಿರ್ತಾರ. ಏನಾಗೈತಿ, ಎಲ್ಲಿ ಆಗೈತಿ ಅಂತ ಕೇಳ್ತಾರ."

ಪಕ್ಕದ ಹೆಂಗಸರ ಪಾಳಿಯಲ್ಲಿ ಯಾರೋ ಕೆಮ್ಮಿದರು. ಅದೇ ಸೊಸೆ. ಅವಳ ಹಿಂದೆ ಅದೇ ಊರಿನ ಇನ್ನೂ ನಾಲ್ಕೈದು ಮಂದಿ, ತವರುಮನೆಗೆ ಹೊರಟವರು.

"ಏನಾಗೈತ್ರಿ ಮುತ್ಯಾ?" ಸೆರಗಿನೊಳಗಿಂದಲೇ ಕೇಳಿದಳು.

ಅಜ್ಜ ಟವೆಲ್ಲು ಸರಿ ಮಾಡಿಕೊಂಡ. "ಏನಿಲ್ಲ ಯವ್ವಾ. ನೀರ ಕುಡ್ಯಾಕ ಬಂದಿದ್ನಿ."

ಪಾಳಿ ಪೂರ್ತಿ ನಕ್ಕಿತು. ಅಜ್ಜ ನನ್ನ ಕಡೆ ಬಾಗಿದ. "ಆ ಕಟ್ಟಿ ಒಡಸ್ರಿ ಸಾಹೇಬ್ರ. ನಾ ಹೇಳ್ದೆ ಅನಬ್ಯಾಡ್ರಿ."

ಒಡೆಸಿದೆವು. ಬಸ್ ಸ್ಟ್ಯಾಂಡಿನಲ್ಲಿ ಹೊಸ ಕಟ್ಟೆ ಎದ್ದಿತು, ತಗಡು, ಫಿಲ್ಟರ್, ಟಿ.ವಿ. ಎಲ್ಲ ಅಲ್ಲಿಗೇ ಹೋದವು. ಹಿರಿಯರೂ ಹಿಂದೆಯೇ ಹೋದರು. ಈಗ ಬಸ್ ಹತ್ತುವವರನ್ನು ಎಲ್ಲಿಗೆ, ಯಾಕೆ ಎಂದು ಕೇಳುತ್ತಾರೆ. ಹಾಗಾಗಿ ಜನ ಊರ ದವಾಖಾನೆಗೇ ಬರುತ್ತಾರೆ. ಸಿಸ್ಟರಿಗೆ ಕುರ್ಚಿ ಒರೆಸಲು ಪುರುಸೊತ್ತಿಲ್ಲ, ದವಾಖಾನೆ ಬೇರೆ ಊರಿಗೆ ಹೋಗುವ ಮಾತೂ ಇಲ್ಲ.

ಮೊನ್ನೆಯ ಸಭೆಯಲ್ಲೂ ಚಹಾಕ್ಕಿಂತ ಮೊದಲು ಆ ಮಾತು ಬಂತು, ಹಳ್ಳಿ ಜನಕ್ಕೆ ಸರಕಾರಿ ಔಷಧದ ಮೇಲೆ ನಂಬಿಕೆ ಇಲ್ಲ ಎಂದು.

ರಾಯಬಾಗದಲ್ಲಿ ನಾವೆಲ್ಲ ಪಾಳಿ ಹಚ್ಚಿ ನಿಂತಿದ್ದುದು ಸರಕಾರಿ ದವಾಖಾನೆಯ ಮುಂದೆ.