ಆರನೇ ಹಾಡು ಮತ್ತು ಬೀಗರ ಕಬಡ್ಡಿ

ದೇವರು ನನಗೆ ಮಾಡಿರುವ ಸಣ್ಣಪುಟ್ಟ ಉಪಕಾರಗಳನ್ನು ಎಣಿಸಿಕೊಳ್ಳುವುದು ನನ್ನ ಅಭ್ಯಾಸ. ಗ್ಯಾಸ್ ಖಾಲಿಯಾದರೂ ಅನ್ನ ಬೆಂದ ಮೇಲೆಯೇ ಖಾಲಿಯಾಗುತ್ತದೆ. ಕರೆಂಟು ಹೋದರೂ ಚಟ್ನಿ ರುಬ್ಬಿಯಾದ ಮೇಲೆ ಹೋಗುತ್ತದೆ. ಶಿವಮೊಗ್ಗದ ನವುಲೆಯ ನಮ್ಮ ಬೀದಿಯ ನಲ್ಲಿಯಲ್ಲಿ ನೀರು ಬರುವುದು ನನ್ನ ಪೂಜೆ ಮುಗಿದ ಮೇಲೆಯೇ ಹೊರತು ಮಂಗಳಾರತಿಯ ನಡುವೆ ಅಲ್ಲ. ಇಷ್ಟೆಲ್ಲ ನೋಡಿಕೊಳ್ಳುವ ದೇವರು ನಮ್ಮ ಯಜಮಾನರ ವಿಷಯದಲ್ಲಿ ಮಾತ್ರ ಯಾಕೆ ಬೇರೆ ಕಡೆ ನೋಡುತ್ತಿದ್ದ ಎಂದು ಒಮ್ಮೊಮ್ಮೆ ಅನ್ನಿಸಿ, ಕೂಡಲೇ ಕೆನ್ನೆ ಬಡಿದುಕೊಳ್ಳುತ್ತೇನೆ. ಪಾಪ, ಅವರು ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ಒಬ್ಬ ಸಿನಿಮಾ ನಟನ ಅಭಿಮಾನಿ, ಅಷ್ಟೆ. ಅದೂ ಅರವತ್ತೆರಡನೇ ವಯಸ್ಸಿನಲ್ಲಿ.

ಸಾಲದ್ದಕ್ಕೆ ಅವರು ಪಿ.ಟಿ. ಮೇಷ್ಟ್ರಾಗಿ ನಿವೃತ್ತರಾದವರು, ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಕಬಡ್ಡಿ ಕಲಿಸಿದವರು. ಅವರ ನಟ ಕಬಡ್ಡಿ ಆಟಗಾರನಾಗಿ ಒಂದು ಸಿನಿಮಾ ಮಾಡುತ್ತಿದ್ದಾನೆ ಎಂಬ ಸುದ್ದಿ ಬಂದ ದಿನ ಅವರು ಎರಡು ಸಲ ಸ್ನಾನ ಮಾಡಿದರು. ಯಾಕೆ ಎಂದು ನಾನು ಕೇಳಲಿಲ್ಲ. ಅದೇ ಹೊತ್ತಿಗೆ ನಮ್ಮ ಮಗಳು ಸಹನಾಳಿಗೆ ಭದ್ರಾವತಿಯಿಂದ ಒಂದು ಸಂಬಂಧ ಬಂತು. ಹುಡುಗ ಪ್ರದೀಪ, ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಾನೆ. ಎಂಟು ಹುಡುಗರನ್ನು ಬೇಡ ಎಂದಿದ್ದ ಮಗಳು ಈ ಒಂಬತ್ತನೆಯವನನ್ನು ನೋಡಿ, "ಅಮ್ಮ, ಇವ್ರು ಪರವಾಗಿಲ್ಲ" ಎಂದಳು. ನಮ್ಮ ಸಹನಾ ಪರವಾಗಿಲ್ಲ ಎಂದರೆ ವಾಲಗದವರಿಗೆ ಹೇಳಿ ಕಳಿಸಬಹುದು. ಜಾತಕವೂ ಕೂಡಿತು. ಹುಡುಗನ ತಂದೆ ರಂಗಸ್ವಾಮಿಯವರು ಕಾರ್ಖಾನೆಯ ಕುಲುಮೆಯ ಮುಂದೆ ದುಡಿದು ನಿವೃತ್ತರಾದವರು, ಅಲ್ಲಿನ ಕಬಡ್ಡಿ ತಂಡಕ್ಕೆ ಆಡಿದವರು, ಮೇಲಾಗಿ ಅದೇ ನಟನ ಅಭಿಮಾನಿ. ಇದನ್ನು ಕೇಳಿ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಇಬ್ಬರು ಅಭಿಮಾನಿಗಳೆಂದರೆ ಒಂದೇ ಗುಡಿಗೆ ಇಬ್ಬರು ಪೂಜಾರಿಗಳಿದ್ದಂತೆ, ಒಬ್ಬರು ಎತ್ತಿದ ಆರತಿ ಇನ್ನೊಬ್ಬರಿಗೆ ಸರಿಬರುವುದಿಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ.

ಸಿನಿಮಾ ಬರುವುದಕ್ಕೆ ತಿಂಗಳ ಮೊದಲೇ ಅದರ ಆರು ಹಾಡುಗಳನ್ನು ಒಟ್ಟಿಗೆ ಬಿಟ್ಟರು. ಐದು ಹಾಡುಗಳ ಬಗ್ಗೆ ಯಾರಿಗೂ ತಕರಾರಿಲ್ಲ. ಕುಣಿಯುವುದು ಎರಡು, ಪ್ರೀತಿಯದು ಎರಡು, ತೊಡೆ ತಟ್ಟುವುದು ಒಂದು. ತಂಟೆ ತಂದದ್ದು ಆರನೆಯದು. ಬರೀ ಕೊಳಲು, ಒಬ್ಬ ಹೆಂಗಸಿನ ಮೆಲುದನಿ, ಕೊನೆಯಲ್ಲಿ ಢಬ್ ಢಬ್ ಎಂದು ನಾಲ್ಕು ಏಟು. ಕೇಳಿದರೆ ಒಲೆಯ ಮೇಲಿನ ಹಾಲೂ ಉಕ್ಕುವುದನ್ನು ಮರೆಯಬೇಕು, ಅಂಥ ದುಃಖ. ನಮ್ಮವರು ಸ್ಪೀಕರ್ ಹಾಕಿ ಫೋನ್ ಮಾಡಿ, "ನೋಡಿ ಬೀಗ್ರೆ, ಇದು ಫೈನಲ್ಲಲ್ಲಿ ಹೀರೋ ಸೋತಾಗ ಬರೋ ಹಾಡು" ಎಂದರು. ಆ ಕಡೆಯಿಂದ ರಂಗಸ್ವಾಮಿಯವರು, "ಏನ್ ಬೀಗ್ರೆ ನೀವು! ತಾಯಿ ಸತ್ತಾಗ ಬರೋ ಹಾಡು ಅದು. ಆ ಸಂಕಟದಲ್ಲೇ ಹೋಗಿ ಫೈನಲ್ ಗೆಲ್ತಾನೆ" ಎಂದರು. ಸಿನಿಮಾವನ್ನು ಇಬ್ಬರೂ ನೋಡಿಲ್ಲ. ಇನ್ನೂ ಯಾರೂ ನೋಡಿಲ್ಲ.

"ಸೋಲಿಲ್ದೆ ಆಟದ ಸಿನಿಮಾ ಮಾಡಿದ್ರೆ ಅದನ್ನ ಸಿನಿಮಾ ಅಂತಾರಾ?"

"ನಮ್ ಬಾಸ್ ಸೋಲೋದನ್ನ ನೋಡೋಕೆ ನಾನು ಭದ್ರಾವತಿಯಿಂದ ಬಸ್ಸತ್ತಿ ಬರ್ಬೇಕಾ ಮೇಷ್ಟ್ರೆ?"

'ಬೀಗ್ರೆ' ಹೋಗಿ 'ಮೇಷ್ಟ್ರೆ' ಬಂದದ್ದನ್ನು ಕೇಳಿ ಅಡುಗೆಮನೆಯಲ್ಲಿದ್ದ ನಾನು ಸೌಟು ಹಿಡಿದೇ ಹೊರಗೆ ಬಂದೆ. ಅಷ್ಟರಲ್ಲಿ ವಾಟ್ಸಾಪಿನ ಗುಂಪುಗಳಲ್ಲಿ ಶಿವಮೊಗ್ಗದವರೆಲ್ಲ ಸೋಲಿನ ಪಕ್ಷ, ಭದ್ರಾವತಿಯವರೆಲ್ಲ ಗೆಲುವಿನ ಪಕ್ಷ ಎಂದಾಗಿಹೋಗಿತ್ತು. ಹಾಡಿನಲ್ಲಿ ಹನ್ನೊಂದು ನಿಟ್ಟುಸಿರುಗಳಿವೆ, ಆದ್ದರಿಂದ ಸೋಲು ಖಂಡಿತ ಎಂದು ಇಲ್ಲಿಂದ ಸಂದೇಶ ಹೋಯಿತು. ಕೊನೆಯಲ್ಲಿ ಡೊಳ್ಳು ಇದೆ, ಸೋತವರಿಗೆ ಯಾರಾದರೂ ಡೊಳ್ಳು ಬಾರಿಸುತ್ತಾರಾ ಎಂದು ಅಲ್ಲಿಂದ ಬಂತು. ನಮ್ಮವರು ಊಟ ಬಿಟ್ಟೆದ್ದು, "ಅದು ಡೊಳ್ಳಲ್ಲ ಕಣ್ರೀ, ಎದೆಬಡಿತ!" ಎಂದು ಫೋನಿಗೆ ಕೂಗಿದರು. ಪಕ್ಕದ ಮನೆಯವರು ಯಾರಿಗೆ ಏನಾಯಿತೋ ಎಂದು ಓಡಿಬಂದರು.

ಒಪ್ಪಿಗೆ ಶಾಸ್ತ್ರದ ದಿನ ಬಂತು. ಎರಡೂ ಕಡೆಯವರು ತಾಂಬೂಲ ಬದಲಾಯಿಸಿಕೊಂಡರೆ ಮಾತು ಮುಗಿದಂತೆ. ಬೀಗಿತ್ತಿ ಜಯಮ್ಮ ಹರಿವಾಣದಲ್ಲಿ ಹಣ್ಣು, ಹೂವು, ರವಿಕೆ ಕಣ ಹೊತ್ತು ತಂದರು. ರಂಗಸ್ವಾಮಿಯವರ ಕೈಯಲ್ಲಿ ಒಂದು ಸ್ಪೀಕರ್ ಇತ್ತು. ತಾಂಬೂಲದ ತಟ್ಟೆ ಎತ್ತುವ ಹೊತ್ತಿಗೆ ಸರಿಯಾಗಿ ಅವರು, "ಒಂದ್ನಿಮಿಷ, ಇದೊಂದು ತೀರ್ಮಾನ ಆಗ್ಲಿ" ಎಂದು ಆರನೇ ಹಾಡು ಹಾಕಿದರು. ಅವರ ಹೊಸ ವಾದ ಹೀಗಿತ್ತು: ಕೊನೆಯ ಸಾಲನ್ನು ಗಾಯಕಿ ಒಂದೇ ಉಸಿರಿನಲ್ಲಿ ಎಳೆಯುತ್ತಾಳೆ. ಅದು ಸುಮ್ಮನೆ ಎಳೆದದ್ದಲ್ಲ. ಅಷ್ಟು ಉಸಿರಿನಲ್ಲಿ ಹೀರೋ ಎದುರಾಳಿಯನ್ನು ಮುಟ್ಟಿ ಗೆರೆ ದಾಟಿ ವಾಪಸ್ ಬರುತ್ತಾನೆ. ನಮ್ಮವರು, "ಆ ಉಸಿರಲ್ಲಿ ಹೋಗ್ಬೋದು, ಬರಕ್ಕಾಗಲ್ಲ" ಎಂದರು. "ತೋರಿಸ್ಲಾ?" "ತೋರ್ಸಿ."

ಸೋಫಾ ಗೋಡೆಗೆ ಹೋಯಿತು. ಜಮಖಾನದ ಅಂಚು ನಡುಗೆರೆಯಾಯಿತು. ಗಾಯಕಿ ಎಳೆದಳು, ರಂಗಸ್ವಾಮಿಯವರು ಕಬಡ್ಡಿ ಕಬಡ್ಡಿ ಎನ್ನುತ್ತಾ ನುಗ್ಗಿದರು. ಬೀಗರು ಬಾಗಿದರು, ಬಳುಕಿದರು, ನಮ್ಮವರ ಭುಜ ಮುಟ್ಟಿ ತಿರುಗಿದರು. ಮೂವತ್ತು ವರ್ಷದ ಅಭ್ಯಾಸ ಸುಮ್ಮನಿರುತ್ತದೆಯೇ? ನಮ್ಮವರು ಹಾರಿ ಕಾಲಿಗೆ ಕೈ ಹಾಕಿದರು. ಬೀಗರು ಗೆರೆ ದಾಟಿದರು. ಪಂಚೆ ದಾಟಲಿಲ್ಲ. ಒಳಗೆ ಮೊಣಕಾಲಿನವರೆಗೆ ಪಟ್ಟಾಪಟ್ಟಿ ಚಡ್ಡಿ ಇದ್ದದ್ದು ನಾನು ಅಂದು ಎಣಿಸಿಕೊಂಡ ಒಂದೇ ಉಪಕಾರ.

ಆಗಲಾದರೂ ನಕ್ಕು ಮುಗಿಸಬಹುದಿತ್ತು. "ಪಂಚೆ ಸಿಕ್ತು, ನೀವು ಔಟ್!" ಎಂದರು ನಮ್ಮವರು, ಪಂಚೆಯನ್ನು ಬಾವುಟದಂತೆ ಎತ್ತಿ ಹಿಡಿದು. "ಮೈ ದಾಟಿದೆ, ಪಾಯಿಂಟ್ ನಂದು" ಎಂದರು ಅವರು, ಚಡ್ಡಿಯಲ್ಲೇ ಸೊಂಟದ ಮೇಲೆ ಕೈಯಿಟ್ಟು. ಪಂಚೆ ಆಟಗಾರನ ದೇಹಕ್ಕೆ ಸೇರಿದ್ದೋ ಅಲ್ಲವೋ ಎಂದು ಅರ್ಧ ಗಂಟೆ ವಾದ ನಡೆಯಿತು. ಪ್ರದೀಪ ಮೆಲ್ಲಗೆ, "ಅಪ್ಪ, ಮೊದ್ಲು ಉಟ್ಕೊಳ್ಳಿ" ಎಂದ. ಅವರು ಉಟ್ಟುಕೊಂಡರು, ಸ್ಪೀಕರ್ ಎತ್ತಿಕೊಂಡರು, "ಆಟದಲ್ಲಿ ಮೋಸ ಮಾಡೋ ಮನೇಲಿ ನಮ್ಗೆ ಹೆಣ್ಣು ಬ್ಯಾಡ" ಎಂದು ಎದ್ದು ನಡೆದರು. ತಾಂಬೂಲ ತಟ್ಟೆಯಲ್ಲೇ ಉಳಿಯಿತು.

"ಅಮ್ಮ, ಪಂಚೆ ಔಟೋ ನಾಟೌಟೋ ಅಂತ ತೀರ್ಮಾನ ಆಗ್ದೆ ಮದ್ವೆ ನಿಂತೋಯ್ತು ಅಂತ ಆಫೀಸಲ್ಲಿ ಹೆಂಗೆ ಹೇಳ್ಲಿ?" ಎಂದು ಸಹನಾ ಜೋರಾಗಿ ನಕ್ಕಳು. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ನಗು ಕೇಳಿಸಲಿಲ್ಲ. ಅವಳ ಅಪ್ಪನನ್ನು ನಾನು ತರಾಟೆಗೆ ತೆಗೆದುಕೊಂಡೆ. ಅವರಿಗೂ ಒಳಗೊಳಗೇ ಕಸಿವಿಸಿಯಾಗಿತ್ತು. ಆದರೆ ಕ್ಷಮೆ ಕೇಳಿದರೆ ಹೀರೋ ಗೆದ್ದಂತಾಗುತ್ತದಲ್ಲ! ಹಾಗಾಗಿ ಕಸಿವಿಸಿಗೆ ಆರನೇ ಹಾಡನ್ನೇ ಹಾಕಿಕೊಂಡು ಕೂತರು, ಬೆಳಗಿನ ಕಾಫಿಯಿಂದ ಸಂಜೆಯ ದೀಪದವರೆಗೆ. ಹೀಗೆ ಒಂಬತ್ತು ದಿನ. ಹತ್ತನೇ ದಿನ ಮಧ್ಯಾಹ್ನ ಜಯಮ್ಮನವರ ಫೋನು ಬಂತು. "ನಿಮ್ಮನೇಲೂ ಅದೇ ಹಾಡಾ?" ಎಂದರು. ಹೂಂ ಎಂದೆ. "ನಮ್ಮುಡುಗ ಸರಿಯಾಗಿ ಊಟ ಮಾಡ್ತಿಲ್ಲ ಮಾರಾಯ್ತಿ. ಈ ಗಂಡಸ್ರು ಮನುಷ್ಯರ ಮಾತು ಕೇಳಲ್ಲ. ಅಮ್ಮನ ಹತ್ರ ಹೂವು ಕೇಳ್ಸಣ" ಎಂದರು.

ಕೋಟೆಯ ಕಡೆ ಒಂದು ಓಣಿಯಲ್ಲಿ ನಾನು ಮಂಗಳವಾರ ಹೋಗುವ ಪುಟ್ಟ ಅಮ್ಮನ ಗುಡಿ ಇದೆ. ಅಮ್ಮನ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸುತ್ತಾರೆ. ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಬಲಗಡೆಯ ಹೂವು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಅಮ್ಮ ಹೇಳಿದ ಮೇಲೆ ಎರಡು ಮಾತಿಲ್ಲ ಎಂದು ಗಂಡಸರಿಬ್ಬರೂ ಒಪ್ಪಿದರು. ಮಂಗಳವಾರ ಎಲ್ಲರೂ ಸೇರಿದೆವು. ಗಂಡಸರು ಕಂಬದ ಆಚೆಗೊಬ್ಬರು ಈಚೆಗೊಬ್ಬರು ನಿಂತರು. ಮಕ್ಕಳಿಬ್ಬರೂ ಹೊರಗೆ ಚಪ್ಪಲಿ ಕಾಯುವ ನೆಪದಲ್ಲಿ ಏನೋ ಪಿಸುಗುಟ್ಟುತ್ತಿದ್ದರು. ಪೂಜಾರಪ್ಪ, "ಎಲ್ರೂ ಕೇಳ್ಕೊಳ್ಳಿ" ಎಂದರು. ಕಣ್ಣು ಮುಚ್ಚಿದೆವು. ಎಷ್ಟೋ ಹೊತ್ತು ಕಾದೆವು. ಪಟ್ ಎಂದು ಬಲಗಡೆಯ ಹೂವು ಬಿತ್ತು.

"ನಾ ಹೇಳ್ಲಿಲ್ವಾ!" ಎಂದು ರಂಗಸ್ವಾಮಿಯವರು ಗರ್ಭಗುಡಿಯೇ ನಡುಗುವಂತೆ ಕೂಗಿದರು. "ಹೀರೋ ಗೆಲ್ತಾನಾ ತಾಯಿ ಅಂತ ಕೇಳ್ದೆ. ಬಲಕ್ಕೆ ಕೊಟ್ಲು!"

ನಮ್ಮವರು ಬೆರಗಾಗಿ ಅವರನ್ನೇ ನೋಡಿದರು. "ಸೋಲ್ತಾನಾ ಅಂತ ನಾನು ಕೇಳಿದ್ನಲ್ಲ. ನಂಗೂ ಬಲಕ್ಕೇ ಕೊಟ್ಲು!"

ದೇವಿಯೇ ಇಬ್ಬರಿಗೂ ಹೌದು ಎಂದ ಮೇಲೆ ಜಗಳವಾಡುವುದು ಯಾರ ಮೇಲೆ? "ಹಂಗಾದ್ರೆ ಮೊದ್ಲು ಸೋತು ಆಮೇಲೆ ಗೆಲ್ತಾನೆ ಅನ್ಸುತ್ತೆ ಬೀಗ್ರೆ" ಎಂದರು ರಂಗಸ್ವಾಮಿಯವರು. 'ಬೀಗ್ರೆ' ಎಂದದ್ದೇ ತಡ, ಜಯಮ್ಮ ಚೀಲದಿಂದ ವೀಳ್ಯದೆಲೆ ತೆಗೆದರು. "ಅವ್ರು ಏನಾದ್ರೂ ಕೇಳ್ಕೊಳ್ಳಿ, ನಾವು ಮದ್ವೆ ವಿಷ್ಯ ಕೇಳಿದ್ವಿ, ಅಮ್ಮ ಒಪ್ಪಿದ್ಲು" ಎಂದು ಅಲ್ಲೇ ತಾಂಬೂಲ ಬದಲಾಯಿಸಿಬಿಟ್ಟರು. ಹೊರಗಿನಿಂದ ಬಂದ ಸಹನಾಳ ಮುಖ ನೋಡಿ ನನಗೆ ಕಣ್ಣಲ್ಲಿ ನೀರು ಬಂತು.

ಸಿನಿಮಾ ಬಂದ ವಾರ ಎರಡೂ ಮನೆಯವರು ಶಿವಮೊಗ್ಗದ ಥಿಯೇಟರಿಗೆ ಒಟ್ಟಿಗೇ ಹೋದೆವು. ಹೀರೋ ಫೈನಲ್ಲಿನ ಕೊನೆಯ ರೈಡಿಗೆ ಹೊರಟ, ಎದುರಾಳಿಯನ್ನು ಮುಟ್ಟಿದ, ಕಾಲು ಹಿಡಿದರು, ಕೈ ಚಾಚಿದ. ಗೆರೆಗೆ ಇನ್ನು ನಾಲ್ಕು ಬೆರಳು. ಅಷ್ಟಕ್ಕೆ ಪರದೆ ಕಪ್ಪಾಗಿ, ಉಳಿದದ್ದು ಎರಡನೇ ಭಾಗದಲ್ಲಿ ಎಂದು ಬರೆದುಬಂತು. ಆರನೇ ಹಾಡು ಸಿನಿಮಾದಲ್ಲಿ ಇರಲೇ ಇಲ್ಲ. ಉದ್ದವಾಯಿತೆಂದು ಕತ್ತರಿಸಿದರಂತೆ. ಗಂಡಸರಿಬ್ಬರೂ ಖಾಲಿ ಪರದೆಯನ್ನು ನೋಡುತ್ತಾ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಅಷ್ಟು ಅನ್ಯೋನ್ಯವಾದ ಬೀಗರನ್ನು ನಾನು ಕಂಡಿಲ್ಲ.

ಹೊರಗೆ ಬರುವಾಗ ಜಯಮ್ಮ ನನ್ನ ಕೈ ಅದುಮಿದರು. "ಒಂದು ವಿಷ್ಯ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಅವತ್ತು ಕಣ್ಮುಚ್ಚಿದ ತಕ್ಷಣ ನಂಗೆ ಮಂಡಿ ನೋವೇ ನೆನಪಾಯ್ತು. ಅದನ್ನೇ ಕೇಳ್ಬಿಟ್ಟೆ. ಹೆಂಗಿದ್ರೂ ಮದ್ವೆ ವಿಷ್ಯ ನೀವು ಕೇಳಿರ್ತೀರಲ್ಲ ಅಂತ ಧೈರ್ಯ ಇತ್ತು."

"ಹೂಂ, ಕೇಳಿದ್ದೆ" ಎಂದೆ.

ಸುಳ್ಳು. ಒಂಬತ್ತು ದಿನ ಆ ಹಾಡು ಕೇಳಿ ಕೇಳಿ ಅದು ನನ್ನ ತಲೆಯಲ್ಲೇ ಕೂತುಬಿಟ್ಟಿತ್ತು. ಕಣ್ಣು ಮುಚ್ಚಿದರೆ ಎದುರಿಗೆ ಬಂದದ್ದು ಮಗಳಲ್ಲ, ಆ ಹೀರೋ. "ತಾಯಿ, ಆ ಮಗು ಗೆದ್ದರೂ ಸರಿ, ಸೋತರೂ ಸರಿ, ಅದರ ಅಮ್ಮ ಬದುಕಿರ್ತಾಳೆ ತಾನೇ?" ಎಂದು ನಾನು ಕೇಳಿದ್ದು. ಆ ಪ್ರಶ್ನೆಗೆ ಸಿಕ್ಕ ಹೂವಿನ ಮೇಲೆ ಈಗ ಛತ್ರ ಗೊತ್ತಾಗಿದೆ, ಲಗ್ನಪತ್ರಿಕೆ ಅಚ್ಚಾಗಿದೆ. ತಪ್ಪು ಸರಿಪಡಿಸಿಕೊಳ್ಳೋಣ ಎಂದು ಮರುವಾರ ಒಬ್ಬಳೇ ಗುಡಿಗೆ ಹೋದೆ. ಪೂಜಾರಪ್ಪ ಒದ್ದೆ ಹೂವು ಹಿಡಿದು, "ಏನಮ್ಮ, ಕೇಳ್ಸೋದಿದ್ಯಾ?" ಎಂದರು. ಅಮ್ಮನ ಎಡಭುಜವನ್ನು ಒಂದು ಸಲ ನೋಡಿದೆ, ಈ ಸಲ ಅಲ್ಲಿಯ ಹೂವು ಬಿದ್ದುಬಿಟ್ಟರೆ? "ಏನಿಲ್ಲ, ಬರೀ ತೆಂಗಿನಕಾಯಿ ಒಡೀರಿ ಸಾಕು" ಎಂದು, ತೀರ್ಥ ತೆಗೆದುಕೊಂಡು, ಅಮ್ಮನ ಮುಖ ನೋಡದೆ ಬೇಗ ಬೇಗ ಮನೆಗೆ ಬಂದೆ.